ಗಾಡಿ ಕಾಯುವುದು ಬರೀ ಬಿಸಿಲಿಗಲ್ಲ

ಮೇ ತಿಂಗಳಲ್ಲಿ ಕಲಬುರಗಿಯ ಯಾವ ಗ್ಯಾರೇಜಿಗೆ ಹೋದರೂ ಬಾನೆಟ್ ಎತ್ತಿ ನಿಲ್ಲಿಸಿದ ಗಾಡಿ ಒಂದಾದರೂ ಕಾಣುತ್ತದೆ. ಮಾಲೀಕರು ಹೇಳುವುದೂ ಒಂದೇ ಮಾತು: "ಹೀಟ್ ಆಗ್ಲಾಕತ್ತದ ರೀ, ಬಿಸಿಲು ಹಂಗದ." ಬಿಸಿಲು ಜೋರಿರುವುದು ನಿಜ. 43, 44 ಡಿಗ್ರಿ ನಮಗೆ ಹೊಸದೇನಲ್ಲ. ಆದರೆ ಅದೇ ಬಿಸಿಲಲ್ಲಿ, ಅದೇ ಹುಮನಾಬಾದ್ ರಸ್ತೆಯಲ್ಲಿ, ಅದೇ ಮಾಡೆಲ್ಲಿನ ಬೇರೆ ಗಾಡಿಗಳು ಟೆಂಪರೇಚರ್ ಮುಳ್ಳು ಅಲುಗದಂತೆ ಓಡುತ್ತಿರುತ್ತವೆ. ಹಾಗಾದರೆ ಈ ಒಂದು ಗಾಡಿಗೆ ಏನಾಗಿದೆ?

ಮೊದಲು ಎಂಜಿನ್ನಿನೊಳಗಿನ ಬಿಸಿಯ ಲೆಕ್ಕ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 33 ಮೆಗಾಜೂಲ್ ಶಕ್ತಿ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಲೀಟರಿಗೆ 15 ಕಿ.ಮೀ. ಕೊಡುವ ಕಾರು ಗಂಟೆಗೆ 4 ಲೀಟರ್ ಸುಡುತ್ತದೆ. ಅಂದರೆ ಸುಮಾರು 37 ಕಿಲೋವ್ಯಾಟ್. ಇದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಚಕ್ರ ತಿರುಗಿಸುತ್ತದೆ. ಇನ್ನೊಂದು ಭಾಗ ಸೈಲೆನ್ಸರ್ ಮೂಲಕ ಹೋಗುತ್ತದೆ. ಉಳಿದ ಸುಮಾರು 12 ಕಿಲೋವ್ಯಾಟ್ ಎಂಜಿನ್ನಿನ ಲೋಹಕ್ಕೇ ಇಳಿಯುತ್ತದೆ. ಮನೆಯ 2 ಕಿಲೋವ್ಯಾಟಿನ ಆರು ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟು ಬಿಸಿ ಅದು. ಸಿಲಿಂಡರಿನಲ್ಲಿ ಉರಿಯುವ ಗ್ಯಾಸಿನ ಉಷ್ಣತೆ 2000 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಎಂಜಿನ್ ಕರಗದೆ ಉಳಿದಿರುವುದು ಅದರ ಸುತ್ತ ಸುತ್ತುತ್ತಿರುವ ಐದಾರು ಲೀಟರ್ ನೀರಿನಿಂದ.

ಆ ನೀರು ಹೊತ್ತು ತಂದ ಬಿಸಿಯನ್ನು ರೇಡಿಯೇಟರ್ ಗಾಳಿಗೆ ಕೊಡಬೇಕು. ಎಷ್ಟು ಕೊಡುತ್ತದೆ ಅನ್ನುವುದು ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರದ ಮೇಲೆ ನಿಂತಿದೆ. ನೀರು 95 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಡಿಸೆಂಬರ್ ಮಧ್ಯಾಹ್ನ ಹೊರಗೆ 30 ಇದ್ದರೆ ಅಂತರ 65 ಡಿಗ್ರಿ. ಮೇ ತಿಂಗಳಲ್ಲಿ 44 ಇದ್ದರೆ 51 ಡಿಗ್ರಿ. ಅಂದರೆ ನಮ್ಮ ಬಿಸಿಲು ರೇಡಿಯೇಟರಿನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ಕಸಿದುಕೊಳ್ಳುತ್ತದೆ. ಇಷ್ಟು ಕಡಿಮೆಯಾಗಬಹುದು ಅಂತ ಲೆಕ್ಕ ಹಾಕಿಯೇ ಕಂಪನಿಗಳು ರೇಡಿಯೇಟರನ್ನು ದೊಡ್ಡದಾಗಿ ಮಾಡಿರುತ್ತವೆ. ಆರೋಗ್ಯವಾಗಿರುವ ಗಾಡಿ ಇದನ್ನು ತಡೆದುಕೊಳ್ಳುತ್ತದೆ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ತಡೆದುಕೊಳ್ಳುವುದಿಲ್ಲ. ಚಳಿಗಾಲದಲ್ಲೂ ಅದು ಕಟ್ಟಿಕೊಂಡೇ ಇತ್ತು, ಅಷ್ಟೇ. ಯಾರಿಗೂ ಗೊತ್ತಾಗಿರಲಿಲ್ಲ. ಹಾಗಾಗಿ "ಬಿಸಿಲಿಗೆ ಹಿಂಗಾಗ್ತದ" ಅಂತ ಸುಮ್ನೆ ನೀರು ಸುರಿದುಕೊಂಡು ಓಡಿಸುವುದು ತಪ್ಪು.

ದೋಷ ಹುಡುಕುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಗಾಡಿ ಯಾವಾಗ ಕಾಯುತ್ತದೆ ಅನ್ನುವುದು. ಯಾವ ಭಾಗವನ್ನೂ ಬಿಚ್ಚದೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಜಗತ್ ಸರ್ಕಲ್ಲಿನಲ್ಲಿ, ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ನಿಂತಾಗ ಮುಳ್ಳು ಏರುತ್ತದೆ, ರಿಂಗ್ ರೋಡಿಗೆ ಬಂದು ಸ್ವಲ್ಪ ಓಡಿಸಿದರೆ ಇಳಿಯುತ್ತದೆ. ಹೀಗಿದ್ದರೆ ಮೊದಲು ಫ್ಯಾನ್ ನೋಡಿ. ಓಡುವಾಗ ಗಾಳಿ ತಾನಾಗೇ ರೇಡಿಯೇಟರಿಗೆ ಬಡಿಯುತ್ತದೆ. ನಿಂತಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ. ಹೆಚ್ಚಿನ ಕಾರುಗಳಲ್ಲಿ ಎ.ಸಿ. ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ನೋಡಬೇಕು. ಎ.ಸಿ.ಗೆ ತಿರುಗುತ್ತದೆ, ಎಂಜಿನ್ ಕಾದಾಗ ಮಾತ್ರ ತಿರುಗುವುದಿಲ್ಲ ಅಂದರೆ ಉಷ್ಣತೆ ಅಳೆಯುವ ಸೆನ್ಸರಿನ ಮೇಲೆ ಅನುಮಾನ ಪಡಬಹುದು. ಹಳೆಯ ಜೀಪು, ಟೆಂಪೋಗಳಲ್ಲಿ ಫ್ಯಾನ್ ಬೆಲ್ಟಿಗೆ ತಿರುಗುತ್ತದೆ. ಅಲ್ಲಿ ಬೆಲ್ಟ್ ಸಡಿಲಾಗಿದೆಯಾ ನೋಡಿದರೆ ಸಾಕಾಗಬಹುದು.

ಊರೊಳಗೆ ಸರಿಯಾಗಿದ್ದು, ಹೆದ್ದಾರಿಯಲ್ಲಿ ವೇಗ ಹಿಡಿದಾಗ ಅಥವಾ ಲೋಡ್ ಹಾಕಿದಾಗ ಕಾದರೆ ಕತೆ ಬೇರೆ. ಅಲ್ಲಿ ಗಾಳಿಗೆ ಕೊರತೆ ಇಲ್ಲ. ಬಿಸಿ ಜಾಸ್ತಿ ಹುಟ್ಟುತ್ತಿದೆ, ನೀರು ಅದನ್ನು ಸಾಗಿಸುತ್ತಿಲ್ಲ. ನೀರು ಕಡಿಮೆಯಾಗಿರಬಹುದು, ವಾಟರ್ ಪಂಪ್ ಸೋತಿರಬಹುದು, ರೇಡಿಯೇಟರ್ ಒಳಗೋ ಹೊರಗೋ ಕಟ್ಟಿಕೊಂಡಿರಬಹುದು. ಹೊರಗೆ ಕಟ್ಟಿಕೊಳ್ಳುವುದು ನಮ್ಮ ಕಡೆ ಮಾಮೂಲು. ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು ಹಾರುತ್ತದೆ, ಕಪ್ಪು ಮಣ್ಣಿನ ಧೂಳು ಇದ್ದೇ ಇದೆ, ರಾತ್ರಿ ಹುಳುಗಳು ಬಡಿಯುತ್ತವೆ. ಎ.ಸಿ. ಇರುವ ಗಾಡಿಯಲ್ಲಿ ರೇಡಿಯೇಟರಿನ ಮುಂದೆ ಎ.ಸಿ.ಯ ಬಿಸಿ ಹೊರಹಾಕುವ ಕಂಡೆನ್ಸರ್ ಇರುತ್ತದೆ. ಇವೆರಡರ ನಡುವೆ ಕಸ ಸೇರಿಕೊಂಡರೆ ಮುಂದಿನಿಂದ ನೋಡಿದವರಿಗೆ ಎಲ್ಲ ಸ್ವಚ್ಛವಾಗಿಯೇ ಕಾಣುತ್ತದೆ. ತೊಳೆಯುವಾಗ ಆದಷ್ಟು ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಡಬೇಕು. ಪ್ರೆಷರ್ ಪಂಪು ಹತ್ತಿರ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮತ್ತಷ್ಟು ಮುಚ್ಚುತ್ತದೆ.

ಇನ್ನು, ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಮುಳ್ಳು ಮೇಲೇರಿದರೆ ಥರ್ಮೋಸ್ಟಾಟ್ ನೆನಪಾಗಬೇಕು. ಅದರೊಳಗೆ ಒಂದು ಹನಿ ಮೇಣ ಇರುತ್ತದೆ. ಸುಮಾರು 82ರಿಂದ 90 ಡಿಗ್ರಿಗೆ ಮೇಣ ಕರಗಿ ಹಿಗ್ಗುತ್ತದೆ, ವಾಲ್ ತೆರೆಯುತ್ತದೆ, ನೀರು ರೇಡಿಯೇಟರಿಗೆ ಹೋಗುತ್ತದೆ. ಅದು ಮುಚ್ಚಿಕೊಂಡೇ ಉಳಿದರೆ ರೇಡಿಯೇಟರ್ ಎಷ್ಟು ಹೊಸದಿದ್ದರೂ ಉಪಯೋಗವಿಲ್ಲ. ಮುಳ್ಳು ಮೇಲಿದ್ದೂ ರೇಡಿಯೇಟರಿಗೆ ಹೋಗುವ ಒಂದು ಹೋಸ್ ಸುಡುತ್ತಿದೆ, ಇನ್ನೊಂದು ತಣ್ಣಗಿದೆ ಅಂದರೆ ನೀರು ಸುತ್ತುತ್ತಿಲ್ಲ ಅಂತ ಅರ್ಥ. ಮುಟ್ಟುವಾಗ ಬೆಲ್ಟು, ಫ್ಯಾನುಗಳಿಂದ ಕೈ ದೂರ ಇರಲಿ. ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತಟ್ಟನೆ ತಿರುಗಬಹುದು.

"ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ ಬೇಕು, ತೆಗೆದುಬಿಡಿ" ಅನ್ನುವ ಸಲಹೆ ನಮ್ಮ ಕಡೆ ಜಾಸ್ತಿ ಕೇಳಿಬರುತ್ತದೆ. ದಯವಿಟ್ಟು ಕೇಳಬೇಡಿ. ತೆಗೆದರೆ ಎಂಜಿನ್ ತನ್ನ ಸರಿಯಾದ ಬಿಸಿಗೆ ಬರಲು ತಡವಾಗುತ್ತದೆ. ಇಂಧನ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಅದೇ ವಾಲ್ ಬೈಪಾಸ್ ದಾರಿಯನ್ನೂ ಮುಚ್ಚುವ ಕೆಲಸ ಮಾಡುತ್ತದೆ. ಅಲ್ಲಿ ತೆಗೆದುಹಾಕಿದರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಹಾಗೇ ಎಂಜಿನ್ನಿಗೆ ವಾಪಸ್ಸಾಗಿ ಗಾಡಿ ಇನ್ನಷ್ಟು ಕಾಯುತ್ತದೆ.

ಈಗ ನಮ್ಮ ಜಿಲ್ಲೆಯದೇ ಆದ ವಿಷಯಕ್ಕೆ ಬರುತ್ತೇನೆ. ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿ ಕಲ್ಲು ಎಲ್ಲರಿಗೂ ಗೊತ್ತು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳೂ ಗೊತ್ತು. ಎರಡೂ ಇಲ್ಲಿರುವುದಕ್ಕೆ ಕಾರಣ ನೆಲದಡಿಯ ಸುಣ್ಣದ ಕಲ್ಲು. ಮಳೆ ನೀರು ಆ ಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕಲ್ಲನ್ನು ಕ್ಯಾಲ್ಸಿಯಂ ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಬೋರ್‌ವೆಲ್ಲಿನಲ್ಲಿ ಮೇಲೆ ಬರುವುದು ಆ ಗಡಸು ನೀರೇ. ಬಿಸಿ ಮಾಡಿದಾಗ ಈ ಬೈಕಾರ್ಬೊನೇಟ್ ಒಡೆದು, ಗ್ಯಾಸ್ ಹೊರಟುಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಕೂರುತ್ತದೆ. ಅಂದರೆ ನೀರಾಗಿ ಕರಗಿ ಬಂದ ಸುಣ್ಣದ ಕಲ್ಲು ಎಂಜಿನ್ನಿನೊಳಗೆ ಮತ್ತೆ ಕಲ್ಲಾಗುತ್ತದೆ. ಮನೆಯ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೂ ಇದೇ. ಶಾಖ ಸಾಗಿಸುವುದರಲ್ಲಿ ಈ ಪದರ ಅಲ್ಯೂಮಿನಿಯಂಗಿಂತ ಹತ್ತಿರ ಹತ್ತಿರ ನೂರು ಪಟ್ಟು ಹಿಂದೆ. ರೇಡಿಯೇಟರಿನ ಒಳಕೊಳವೆಗಳ ಸಂದು ಒಂದೆರಡು ಮಿಲಿಮೀಟರ್ ಅಷ್ಟೇ. ಅಲ್ಲಿ ತೆಳುವಾಗಿ ಕೂತರೂ ದಾರಿ ಕಿರಿದಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಮ್ಮೆ ಗಡಸು ನೀರು ತುಂಬಿದ್ದಕ್ಕೇ ರೇಡಿಯೇಟರ್ ಕಟ್ಟಿಕೊಳ್ಳುವುದಿಲ್ಲ. ಲೀಟರಿಗೆ ಅರ್ಧ ಗ್ರಾಂ ಸುಣ್ಣ ಅಂದುಕೊಂಡರೂ 6 ಲೀಟರಿನಲ್ಲಿ ಬರುವುದು 3 ಗ್ರಾಂ. ಆದರೆ ಎಲ್ಲೋ ಸಣ್ಣ ಸೋರಿಕೆ ಇದ್ದು, ವಾರಕ್ಕೊಂದು ಲೀಟರ್ ಬೋರ್ ನೀರು ಹಾಕುತ್ತಾ ಹೋದರೆ ವರ್ಷಕ್ಕೆ 26 ಗ್ರಾಂ ಒಳಗೆ ಹೋಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಹನಿ ಹನಿ ಸೋರುವ ಹೋಸಿನ ಕ್ಲಿಪ್ಪು ಕೊನೆಗೆ ಇಡೀ ರೇಡಿಯೇಟರನ್ನು ಹಾಳು ಮಾಡುವುದು ಹೀಗೆ. ಆದ್ದರಿಂದ ಪದೇ ಪದೇ ನೀರು ಕೇಳುವ ಗಾಡಿಗೆ ನೀರು ಹಾಕಿ ಸುಮ್ಮನಾಗಬಾರದು, ಸೋರುವ ಜಾಗ ಹುಡುಕಬೇಕು. ಹಾಕಲೇಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ.

ಬರೀ ಡಿಸ್ಟಿಲ್ಡ್ ವಾಟರ್ ಸಾಕಲ್ವಾ, ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನೀರಿಗೆ ಬೆರೆಸುವ ಕೂಲೆಂಟ್ ದ್ರವ ಯಾಕೆ? ನ್ಯಾಯವಾದ ಪ್ರಶ್ನೆ. ಶಾಖ ಹೊರುವ ಶಕ್ತಿ ಶುದ್ಧ ನೀರಿಗೇ ಜಾಸ್ತಿ, ನಿಜ. ಆದರೆ ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿವೆ. ಜೊತೆಗೆ ಅದು ಕುದಿಯುವ ಮಟ್ಟವನ್ನು ಮೇಲೇರಿಸುತ್ತದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98.5 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ (ಕೂಲೆಂಟಿನ ಮುಖ್ಯ ದ್ರವ) ಬೆರೆಸಿದರೆ 106, 107ರವರೆಗೆ ಕುದಿಯುವುದಿಲ್ಲ. ಇದರ ಮೇಲೆ ರೇಡಿಯೇಟರ್ ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ 125 ದಾಟಿದರೂ ಕುದಿಯುವುದಿಲ್ಲ. ಅಗ್ಗದ ಆ ಕ್ಯಾಪಿನ ರಬ್ಬರ್ ಸವೆದರೆ ಈ ರಕ್ಷಣೆಯ ಬಹುಭಾಗ ಹೋಯಿತು. ಗ್ಯಾರೇಜಿನಲ್ಲಿ ಇದನ್ನು ತಟ್ಟನೆ ಪರೀಕ್ಷಿಸಬಹುದು. ಆದರೂ ಎಷ್ಟೋ ಸಲ ಕೊನೆಗೆ ನೋಡುವುದು ಇದನ್ನೇ.

ಕಾದ ಗಾಡಿಯ ಕ್ಯಾಪ್ ಯಾಕೆ ತೆಗೆಯಬಾರದು ಅನ್ನುವುದಕ್ಕೂ ಈ ಒತ್ತಡವೇ ಕಾರಣ. ಒಳಗೆ ಬರೀ ನೀರು 115 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಕ್ಯಾಪ್ ತೆಗೆದ ಕ್ಷಣ ಒತ್ತಡ ಬೀಳುತ್ತದೆ, ನೂರಕ್ಕೆ ಮೂರು ಭಾಗ ನೀರು ತಕ್ಷಣ ಹಬೆಯಾಗುತ್ತದೆ. 6 ಲೀಟರಿನಲ್ಲಿ ಇದು 180 ಗ್ರಾಂ. ಆದರೆ ಹಬೆಯಾಗಿ ಅದು ಸುಮಾರು 300 ಲೀಟರ್ ಜಾಗ ಬೇಡುತ್ತದೆ, ಕುದಿಯುವ ನೀರನ್ನೂ ಎತ್ತಿಕೊಂಡು ಮುಖಕ್ಕೆ ಹಾರುತ್ತದೆ. ಒದ್ದೆ ಬಟ್ಟೆ ಹಿಡಿದು ತೆಗೆದರೂ ಇದನ್ನು ತಡೆಯಲು ಆಗುವುದಿಲ್ಲ. ಮೇಲಿನ ಹೋಸ್ ಮೆತ್ತಗಾಗಿ, ಕೈಗೆ ತಣ್ಣಗಾಗುವವರೆಗೆ ಕಾಯಲೇಬೇಕು.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ಆಫ್ ಮಾಡಿ, ಹೀಟರನ್ನು ಪೂರ್ತಿ ಹಾಕಿ. ಮೇ ತಿಂಗಳಲ್ಲಿ ಕಷ್ಟ, ಆದರೆ ಹೀಟರ್ ಇನ್ನೊಂದು ಪುಟ್ಟ ರೇಡಿಯೇಟರ್ ಇದ್ದ ಹಾಗೆ ಕೆಲಸ ಮಾಡುತ್ತದೆ, ನೆರಳಿನ ಜಾಗ ಸಿಗುವವರೆಗೆ ಸಮಯ ಕೊಡುತ್ತದೆ. ಅದೇ ಒಂದು ಪರೀಕ್ಷೆಯೂ ಹೌದು. ಎಂಜಿನ್ ಕಾದಿದೆ, ಹೀಟರಿನಿಂದ ಮಾತ್ರ ಬಿಸಿ ಗಾಳಿ ಬರುತ್ತಿಲ್ಲ ಅಂದರೆ ನೀರು ಖಾಲಿಯಾಗಿದೆ ಅಥವಾ ಸುತ್ತುತ್ತಿಲ್ಲ. ಆಗ ಒಂದು ಕಿ.ಮೀ. ಕೂಡ ಮುಂದೆ ಹೋಗಬೇಡಿ. ಕೆಂಪು ದೀಪ ಹತ್ತಿದರೂ ಅಷ್ಟೇ. ಇನ್ನೊಂದು ಎಚ್ಚರಿಕೆ: ಮೇಲಿದ್ದ ಮುಳ್ಳು ತಟ್ಟನೆ ಕೆಳಗೆ ಬಿದ್ದರೆ ಸಮಾಧಾನ ಪಡಬೇಡಿ. ನೀರು ಪೂರ್ತಿ ಸೋರಿದಾಗ ಸೆನ್ಸರ್ ಖಾಲಿ ಜಾಗದಲ್ಲಿ ಉಳಿದು ತಪ್ಪು ತೋರಿಸಬಹುದು.

ನಿಲ್ಲಿಸದೆ ಓಡಿಸಿದರೆ ಹೋಗುವುದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಭಾಗವಾದ ಬ್ಲಾಕ್ ನಡುವಿನ ಸಂದು ಮುಚ್ಚುವ ತೆಳು ಹಾಳೆ. ಬಹಳ ಎಂಜಿನ್‌ಗಳಲ್ಲಿ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಬೀಡು ಕಬ್ಬಿಣ. 40 ಸೆಂ.ಮೀ. ಉದ್ದದ ಹೆಡ್ 100 ಡಿಗ್ರಿ ಏರಿದರೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ, ಕೆಳಗಿನ ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ನಡುವೆ ಸಿಕ್ಕಿದ ಗ್ಯಾಸ್ಕೆಟ್ ಈ ಎಳೆದಾಟ ತಡೆಯಬೇಕು. ಮಿತಿಮೀರಿ ಕಾದಾಗ ಹೆಡ್ ಸೊಟ್ಟಗಾಗುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಬಿರುಕೂ ಬಿಡಬಹುದು. ಗ್ಯಾಸ್ಕೆಟ್ ಹೋಗಿದೆ ಅನ್ನುವುದಕ್ಕೆ ಗುರುತುಗಳಿವೆ. ಆಯಿಲ್ ಕ್ಯಾಪಿನ ಕೆಳಗೆ ಹಾಲು ಬೆರೆಸಿದ ಚಹಾದ ಬಣ್ಣದ ಕೆನೆ, ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ತಣ್ಣಗಿದ್ದ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಕಲ್ಲಿನಂತೆ ಬಿಗಿಯುವುದು. ಇವು ಕಂಡರೆ ರೇಡಿಯೇಟರ್ ತೊಳೆಸಿ ಪ್ರಯೋಜನವಿಲ್ಲ, ಹೆಡ್ ಬಿಚ್ಚಿಸಿ ಲೇಥ್ ಅಂಗಡಿಯಲ್ಲಿ ಸಮ ಇದೆಯಾ ನೋಡಿಸಲೇಬೇಕು.

ಕೂಲೆಂಟ್ ಬದಲಾಯಿಸಿದ ಮೇಲೆ ಹಳೆಯದನ್ನು ಗಟಾರಿಗೋ ಅಂಗಳಕ್ಕೋ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಮತ್ತು ವಿಷ. ಬೇಸಿಗೆಯಲ್ಲಿ ನೀರಿಗೆ ಅಲೆಯುವ ನಾಯಿ, ದನಗಳು ಅದನ್ನು ನೆಕ್ಕುತ್ತವೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆ ಆಯಿಲ್ ಜೊತೆ ಬೆರೆಸದೆ ಗ್ಯಾರೇಜಿನವರಿಗೆ ಒಪ್ಪಿಸಿ.