ಸೋರ್ಸ್ ಕೋಡ್ ಕೊಟ್ಟರು, ಆದರೂ ಅಪ್‌ಡೇಟ್ ಆಗಲಿಲ್ಲ

ಲಿನಕ್ಸ್ ಹಾಕೋಣವೋ, ವಿಂಡೋಸ್ ತಗೊಳ್ಳೋಣವೋ ಅಂತ ಕೇಳುವವರು ಹೆಚ್ಚಾಗಿ ಲೈಸೆನ್ಸ್ ದುಡ್ಡಿನ ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಸಣ್ಣ ಸಣ್ಣ ಸಾಧನಗಳಿಗೆ ಲಿನಕ್ಸ್ ಕೂರಿಸುವುದು ನನ್ನ ಕೆಲಸ. ನಾನು ಕಂಡ ಹಾಗೆ ದುಡ್ಡಿನ ಮಾತು ಮೊದಲ ವಾರಕ್ಕೇ ಮುಗಿಯುತ್ತದೆ. ಆಮೇಲೆ ಹತ್ತು ವರ್ಷ ಬೆನ್ನು ಹತ್ತುವುದು ಡ್ರೈವರ್, ಅಂದರೆ ವೈಫೈ ಚಿಪ್ಪು, ಕ್ಯಾಮೆರಾ, ಪ್ರಿಂಟರ್ ಇವುಗಳ ಜೊತೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಪರವಾಗಿ ಮಾತಾಡುವ ಕೋಡ್. ಎರಡು ದಾರಿಗಳ ನಿಜವಾದ ವ್ಯತ್ಯಾಸ ಅಲ್ಲೇ ಕಾಣುವುದು.

ವಿಂಡೋಸ್‌ನಲ್ಲಿ ಬಹುಪಾಲು ಡ್ರೈವರ್ ಬರೆಯುವುದು ಹಾರ್ಡ್‌ವೇರ್ ಮಾಡಿದ ಕಂಪನಿ. ಆ ಕೋಡ್ ಮೈಕ್ರೋಸಾಫ್ಟ್ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಡ್ರೈವರ್ ಮತ್ತು ಕರ್ನಲ್ ನಡುವಿನ ಒಪ್ಪಂದವನ್ನು, ಅಂದರೆ ಒಂದರ ಕೋಡ್ ಇನ್ನೊಂದನ್ನು ಹೇಗೆ ಕರೆಯಬೇಕು ಅನ್ನುವ ನಿಯಮವನ್ನು, ಮನಸ್ಸಿಗೆ ಬಂದಾಗ ಬದಲಾಯಿಸುವ ಹಾಗಿಲ್ಲ. ವಿಂಡೋಸ್ 7ಕ್ಕೆ ಬರೆದ ಎಷ್ಟೋ ಡ್ರೈವರ್‌ಗಳು ವಿಂಡೋಸ್ 10ರಲ್ಲೂ ಓಡಿದ್ದು ಇದರಿಂದಲೇ, ಅದು ಸಣ್ಣ ಸಾಧನೆಯಲ್ಲ. ಆದರೆ ಬದಲಾಯಿಸಲೇಬೇಕಾದ ದಿನ ಬಂದರೆ ಕಷ್ಟ. 2007ರಲ್ಲಿ ವಿಸ್ಟಾ ಬಂದಾಗ ಗ್ರಾಫಿಕ್ಸ್ ಡ್ರೈವರ್‌ಗಳ ರಚನೆಯೇ ಬದಲಾಯಿತು. ಕಂಪನಿ ಹೊಸ ಡ್ರೈವರ್ ಬರೆಯಲಿಲ್ಲ ಅಂದರೆ ಚೆನ್ನಾಗಿದ್ದ ಹಾರ್ಡ್‌ವೇರ್ ಕೂಡ ಮೂಲೆ ಸೇರುತ್ತಿತ್ತು.

ಲಿನಕ್ಸ್ ಇದಕ್ಕೆ ಪೂರ್ತಿ ಉಲ್ಟಾ. ಹೊರಗಿನ ಅಪ್ಲಿಕೇಶನ್‌ಗಳು ಮುರಿಯಬಾರದು ಅನ್ನುವ ವಿಷಯದಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ತುಂಬಾ ಕಟ್ಟುನಿಟ್ಟು. ಕರ್ನಲ್ ಒಳಗಿನ ಒಪ್ಪಂದಗಳಿಗೆ ಮಾತ್ರ ಯಾವ ಗ್ಯಾರಂಟಿಯೂ ಇಲ್ಲ, ಸುಮಾರು 9–10 ವಾರಕ್ಕೊಮ್ಮೆ ಹೊಸ ಕರ್ನಲ್ ಬರುತ್ತದೆ, ಯಾವ ಫಂಕ್ಷನ್ (ಹೆಸರು ಹೇಳಿ ಕರೆಯುವ ಕೋಡಿನ ತುಣುಕು) ಯಾವಾಗ ಮಾಯವಾದರೂ ಕೇಳುವ ಹಾಗಿಲ್ಲ. ಇದು ಹೇಗೆ ನಡೆಯುತ್ತದೆ ಅಂದರೆ, ಸಾವಿರಾರು ಡ್ರೈವರ್‌ಗಳು ಕರ್ನಲ್ಲಿನ ಕೋಡ್ ಜೊತೆಗೇ, ಒಂದೇ ಕಡೆ ಇವೆ. ಒಳಗಿನ ಒಪ್ಪಂದ ಬದಲಾಯಿಸಿದವರೇ ಅದನ್ನು ಬಳಸುವ ಡ್ರೈವರ್‌ಗಳನ್ನೂ ತಿದ್ದಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಕರ್ನಲ್ಲಿನ ಹಳೆಯ ಟೈಮರ್ ವ್ಯವಸ್ಥೆಯಲ್ಲಿ ಯಾವ ಫಂಕ್ಷನ್ ಕರೆಯಬೇಕು, ಅದಕ್ಕೆ ಏನು ಕೊಡಬೇಕು, ಎರಡೂ ಮೆಮೊರಿಯಲ್ಲಿ ಅಕ್ಕಪಕ್ಕ ಕೂತಿರುತ್ತಿದ್ದವು. ಪಕ್ಕದ ಮೆಮೊರಿಯನ್ನು ತುಳಿಯುವಂಥ ಒಂದು ದೋಷ ಸಿಕ್ಕರೆ ಸಾಕು, ದಾಳಿ ಮಾಡುವವನು ಎರಡನ್ನೂ ಒಟ್ಟಿಗೆ ಬದಲಾಯಿಸಿಬಿಡಬಹುದಿತ್ತು. 2018ರ ಜನವರಿಯಲ್ಲಿ ಬಂದ ಕರ್ನಲ್ 4.15ರ ಹೊತ್ತಿಗೆ ಆ ಹಳೆಯ ದಾರಿಯನ್ನೇ ಮುಚ್ಚಿದರು. ಅದಕ್ಕಾಗಿ ನೂರಾರು ಫೈಲುಗಳನ್ನು ತಿದ್ದಿದರು, ಕೆಲವನ್ನು ಟೂಲ್ ಬಳಸಿ, ಕೆಲವನ್ನು ಕೈಯಿಂದ. ಮುಚ್ಚಿಟ್ಟ ಡ್ರೈವರ್‌ಗಳ ಲೋಕದಲ್ಲಿ ಇದನ್ನೇ ಮಾಡಬೇಕಾದರೆ ಎಷ್ಟು ಕಂಪನಿಗಳ ಬಾಗಿಲು ತಟ್ಟಬೇಕು, ಯೋಚಿಸಿ.

ಹಾಗಾದರೆ ಸೋರ್ಸ್ ಕೋಡ್, ಅಂದರೆ ಓದಿ ತಿದ್ದಬಹುದಾದ ಮೂಲ ಕೋಡ್, ಸಿಕ್ಕರೆ ಸಾಕಲ್ವಾ? ಸಾಲದು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ನಮ್ಮ ತಂಡ ಒಂದು ಗೇಟ್‌ವೇ, ಅಂದರೆ ನೆಟ್‌ವರ್ಕ್‌ಗಳನ್ನು ಜೋಡಿಸುವ ಸಣ್ಣ ಪೆಟ್ಟಿಗೆ, ಮಾಡಿತ್ತು. ಚಿಪ್ ಮಾರಿದವರು ಬೋರ್ಡ್ ಜೊತೆ ಕರ್ನಲ್ 3.10 ಕೊಟ್ಟರು, ಲಿನಕ್ಸ್ ಕರ್ನಲ್ಲಿನ ಜಿಪಿಎಲ್ ಲೈಸೆನ್ಸ್ ಹೇಳುವ ಹಾಗೆ ಸೋರ್ಸ್ ಕೋಡನ್ನೂ ಕೊಟ್ಟರು. 3.10 ಬಂದದ್ದು 2013ರಲ್ಲಿ. ಅದಕ್ಕೆ ಸೆಕ್ಯುರಿಟಿ ರಿಪೇರಿ ನಿಂತದ್ದು 2017ರಲ್ಲಿ. ನಮ್ಮ ಗೇಟ್‌ವೇಗಳು ಅದಾದ ಮೇಲೂ ಗ್ರಾಹಕರ ಗೋಡೆಗಳ ಮೇಲೆ ಕೆಲಸ ಮಾಡುತ್ತಲೇ ಇದ್ದವು. ಹೊಸ ಕರ್ನಲ್‌ಗೆ ಹೋಗಲು ನೋಡಿದರೆ ಅವರು ಬರೆದ ಒಂದು ಡ್ರೈವರ್ ಕೂಡ ಕಂಪೈಲ್ ಆಗಲಿಲ್ಲ, ಅಂದರೆ ಓಡುವ ರೂಪಕ್ಕೇ ಬರಲಿಲ್ಲ. ಯಾವ ಸಾಲನ್ನು ಯಾಕೆ ಬದಲಾಯಿಸಿದ್ದರು ಅನ್ನುವುದಕ್ಕೆ ಇತಿಹಾಸವೇ ಇಲ್ಲ, ಎಲ್ಲ ಸೇರಿಸಿ ಒಂದು ದೊಡ್ಡ ಜಿಪ್ ಫೈಲ್ ಅಷ್ಟೇ. ಕೇಳಿದರೆ, ನಮ್ಮ ಹೊಸ ಚಿಪ್ ತಗೊಳ್ಳಿ ಅಂದರು.

ಅದಾದ ಮೇಲೆ ಇನ್ನೊಂದು ಚಿಪ್ಪಿನ ಸಣ್ಣ ಡ್ರೈವರನ್ನು ನಾವೇ ಬರೆದು ಮೇನ್‌ಲೈನ್‌ಗೆ, ಅಂದರೆ ಲಿನಕ್ಸ್ ಕರ್ನಲ್ಲಿನ ಮುಖ್ಯ ಕೋಡಿಗೆ, ಕಳಿಸಿದೆವು. ಪ್ಯಾಚನ್ನು (ಕೋಡಿನ ಬದಲಾವಣೆಯನ್ನು) ಇಮೇಲ್‌ನಲ್ಲಿ ಕಳಿಸಬೇಕು, ಇದು ನನ್ನದೇ, ಕೊಡುವ ಹಕ್ಕು ನನಗಿದೆ ಅಂತ ಹೆಸರು ಹಾಕಬೇಕು, ಆ ವಿಭಾಗವನ್ನು ನೋಡಿಕೊಳ್ಳುವ ಮೇಂಟೇನರ್ ಒಪ್ಪಬೇಕು. ಏಳು ಸಲ ತಿದ್ದಿ ಕಳಿಸಿದೆವು. ಮೂರನೇ ಸಲಕ್ಕೇ ನನಗೆ ಸಿಟ್ಟು ಬಂದಿತ್ತು, ಆದರೆ ಅವರು ತೋರಿಸಿದ ತಪ್ಪುಗಳೆಲ್ಲ ನಿಜವಾದ ತಪ್ಪುಗಳೇ. ಈಗ ನಾನು ಆ ಕಂಪನಿಯಲ್ಲಿಲ್ಲ. ನನಗೆ ಪರಿಚಯವೇ ಇಲ್ಲದ ಯಾರೋ ಆಮೇಲೆ ಎರಡು ಸಲ ಆ ಡ್ರೈವರನ್ನು ಹೊಸ ಕರ್ನಲ್ಲಿಗೆ ಹೊಂದಿಸಿದ್ದಾರೆ. ಅದನ್ನು ನೋಡಿದ ದಿನ ತುಂಬಾ ಖುಷಿಯಾಯಿತು.

ಮೇನ್‌ಲೈನ್ ಒಳಗೆ ಹೋದದ್ದೆಲ್ಲ ಶಾಶ್ವತ ಅಂತಲ್ಲ. ಬಳಸುವವರು, ನೋಡಿಕೊಳ್ಳುವವರು ಇಲ್ಲದ್ದನ್ನು ತೆಗೆಯುತ್ತಾರೆ. ಲಿನಸ್ ಲಿನಕ್ಸ್ ಶುರು ಮಾಡಿದ್ದೇ ಇಂಟೆಲ್‌ನ 386 ಪ್ರೊಸೆಸರ್ ಮೇಲೆ, 2013ರಲ್ಲಿ ಬಂದ ಕರ್ನಲ್ 3.8ರಲ್ಲಿ ಅದರ ಬೆಂಬಲವೂ ಹೋಯಿತು.

ಆಂಡ್ರಾಯ್ಡ್ ಈ ವಿಂಡೋಸ್, ಲಿನಕ್ಸ್ ದಾರಿಗಳ ಮಧ್ಯದಲ್ಲಿ ನಿಂತಿದೆ. ಕೋಡ್ ಬಿಡುಗಡೆಯಾಗುತ್ತದೆ, ಆದರೆ 2025ರಿಂದ ಗೂಗಲ್ ಅದರ ಕೆಲಸವನ್ನೆಲ್ಲ ತನ್ನ ಒಳಗೇ ಮುಗಿಸಿ ಆಮೇಲೆ ಹೊರಗೆ ಹಾಕುತ್ತದೆ. ಲೈಸೆನ್ಸ್ ಓಪನ್ ಇದ್ದರೂ ಕೆಲಸ ನಡೆಯುವಾಗ ಮಾತಾಡಲು ಹೊರಗಿನವರಿಗೆ ಅವಕಾಶ ಕಡಿಮೆ. ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ.

ಈಗ ಯಾರಾದರೂ ಚಿಪ್ ಮಾರಲು ಬಂದರೆ, ಬೆಲೆಗಿಂತ ಮೊದಲು, ಡ್ರೈವರ್ ಮೇನ್‌ಲೈನ್‌ನಲ್ಲಿ ಇದೆಯಾ, ಯಾವ ವರ್ಷನ್‌ನಿಂದ ಇದೆ ಅಂತ ಕೇಳುತ್ತೇನೆ. ಅವರ ಮಾತು ನಂಬಿ ಸುಮ್ನೆ ಕೂರಬೇಕಾಗಿಲ್ಲ, ಕರ್ನಲ್ ಕೋಡ್‌ನಲ್ಲಿ ಚಿಪ್ಪಿನ ಹೆಸರು ಹುಡುಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆ ಕೋಡ್ ಜೊತೆಗೇ ಇರುವ ಮೇಂಟೇನರ್ಸ್ ಫೈಲಿನಲ್ಲಿ ಯಾರ ಹೆಸರಿದೆ, ಆ ಡ್ರೈವರಿನ ಕೊನೆಯ ಬದಲಾವಣೆ ಯಾವ ವರ್ಷದ್ದು ಅಂತಲೂ ನೋಡಿ.