ಬಾಗಿಲು ಎರಡು, ಪಾಳಿ ಒಂದೇ ಕಡೆ

ಕಲಬುರಗಿಯ ಬಸ್ ನಿಲ್ದಾಣವಿರಲಿ, ಶರಣಬಸವೇಶ್ವರ ಜಾತ್ರೆಯಿರಲಿ, ಶೌಚಾಲಯದ ಮುಂದೆ ಪಾಳಿ ಹಚ್ಚುವವರು ಹೆಂಗಸರೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಬಸ್ಸು ಹತ್ತುವ ಮಹಿಳೆಯರು ಹೆಚ್ಚಾದರು. ಅಷ್ಟು ಬೇಗ ಸಂಡಾಸಿನ ಗೋಡೆ ಸರಿಯುವುದಿಲ್ಲ.

ಗಂಡಸರಿಗೊಂದು, ಹೆಂಗಸರಿಗೊಂದು ಎಂಬ ಕಾನೂನು ಬಹಳ ಹಳೆಯದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ 1887ರಲ್ಲಿ ಕೆಲಸದ ಸ್ಥಳಗಳಿಗೆ ಇದನ್ನು ಕಡ್ಡಾಯ ಮಾಡಿತು. 1920ರ ಹೊತ್ತಿಗೆ ಅಲ್ಲಿನ ಬಹುತೇಕ ರಾಜ್ಯಗಳಿಗೆ ಹಬ್ಬಿತು. ಹೆಂಗಸರು ಮಿಲ್ಲುಗಳಿಗೆ ದುಡಿಯಲು ಬಂದ ಕಾಲವದು. ಅವರ ರಕ್ಷಣೆಗೆ ಮಾಡಿದ್ದೆಂದು ಕೆಲವರು, ಹೆಣ್ಣಿನ ಜಾಗ ಮನೆಯೊಳಗೆ ಎಂಬ ನಂಬಿಕೆಯಿಂದ ಬಂದದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಎರಡರಲ್ಲೂ ಹುರುಳಿದೆ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯ 19ನೇ ಕಲಂ, 1952ರ ಗಣಿ ಕಾಯ್ದೆಯ 20ನೇ ಕಲಂ ಪ್ರತ್ಯೇಕ ಶೌಚಾಲಯ ಕೇಳಿದವು. ವಾಡಿಯ ಸಿಮೆಂಟ್ ಕಾರ್ಖಾನೆ ಮೊದಲನೆಯದರಡಿ, ಸುತ್ತಲಿನ ಸುಣ್ಣದಕಲ್ಲಿನ ಗಣಿಗಳು ಎರಡನೆಯದರಡಿ ಬಂದವು. ಆದರೆ ಕರೆಂಟಿನಿಂದ ನಡೆಯುವ ಘಟಕ ಕಾರ್ಖಾನೆ ಎನಿಸಬೇಕಾದರೆ 10 ಕೆಲಸಗಾರರಿರಬೇಕಿತ್ತು. ಏಳೆಂಟು ಆಳುಗಳ ಸಣ್ಣ ದಾಲ್ ಮಿಲ್ ಹೊರಗೇ ಉಳಿಯಿತು.

ಅಸಲಿ ತೊಡಕು ನಕ್ಷೆಯಲ್ಲಿದೆ. ಕಟ್ಟಡದ ನಟ್ಟನಡುವೆ ಗೋಡೆ ಎಳೆದು ಸಮಪಾಲು ಎಂದುಬಿಡುತ್ತಾರೆ. ಆರು ಮೀಟರ್ ಉದ್ದದ ಜಾಗ ಹಿಡಿಯಿರಿ. ಅಡ್ಡಗೋಡೆ ಸೇರಿ ಕೋಣೆಗೊಂದು ಮೀಟರ್ ಎಂದರೆ ಹೆಂಗಸರಿಗೆ 6 ಕೋಣೆ. ಅಷ್ಟೇ ಜಾಗದಲ್ಲಿ ಗಂಡಸರಿಗೆ 3 ಕೋಣೆ, 70 ಸೆಂಟಿಮೀಟರ್‌ಗೊಂದರಂತೆ 4 ಯೂರಿನಲ್ ಕೂಡುತ್ತವೆ. ಯೂರಿನಲ್‌ನಲ್ಲಿ ಒಬ್ಬರಿಗೆ ಒಂದು ನಿಮಿಷ. ಸೀರೆ, ಚೀಲ, ಕಂಕುಳ ಕೂಸು ಸಂಭಾಳಿಸುವವರಿಗೆ ಎರಡು ನಿಮಿಷ ಎಂದಿಟ್ಟುಕೊಳ್ಳಿ. ನಾಲ್ಕು ಯೂರಿನಲ್ ತಾಸಿಗೆ 240 ಜನರಿಗೆ ಸಾಲುತ್ತವೆ, ಆರು ಕೋಣೆ 180 ಜನರಿಗಷ್ಟೇ. ಗಂಡಸರ ಮೂರು ಕೋಣೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ! ಇದನ್ನು ಕಂಡೇ ನ್ಯೂಯಾರ್ಕ್ ನಗರ 2005ರಲ್ಲಿ ಸಭಾಂಗಣ, ಚಿತ್ರಮಂದಿರದಂಥ ಹೊಸ ಕಟ್ಟಡಗಳಿಗೆ ಹೆಂಗಸರ ಕಡೆ ಎರಡು, ಗಂಡಸರ ಕಡೆ ಒಂದು ಎಂಬ ಪ್ರಮಾಣ ಗೊತ್ತುಮಾಡಿತು.

ಕಟ್ಟಿದ ಆರೂ ಕೋಣೆ ನಡೆದರೆ ಪುಣ್ಯ. ಒಳಗೆ ಮುಚ್ಚಳದ ಡಬ್ಬಿ ಇಲ್ಲದಿದ್ದರೆ ಪ್ಯಾಡು ಗುಂಡಿಗೆ ಬೀಳುತ್ತದೆ, ನೀರು ಹೀರಿ ಉಬ್ಬಿ ನಾಲ್ಕಿಂಚಿನ ಪೈಪು ಕಟ್ಟುತ್ತದೆ. ಗಡಸು ಬೋರ್ ನೀರಿನ ಸುಣ್ಣ ಫ್ಲಶ್ ಟ್ಯಾಂಕಿನ ವಾಷರಿಗೆ ಕೂತರೆ ನೀರು ಸೋರಿ ಟ್ಯಾಂಕು ಖಾಲಿ. ಚಿಲಕ ಮುರಿದ ಕೋಣೆಗೆ ಯಾರೂ ಹೋಗುವುದಿಲ್ಲ. ಒಂದು ಕೋಣೆ ಕೆಟ್ಟರೆ ತಾಸಿಗೆ 30 ಜನರ ಪಾಳಿ ಬೆಳೆಯುತ್ತದೆ. ಇದಕ್ಕೆ ಹೆದರಿ ಬಿಸಿಲಲ್ಲೂ ನೀರು ಕುಡಿಯದೆ ಹೊರಡುವವರಿಗೆ ಉರಿಮೂತ್ರ ತಪ್ಪಿದ್ದಲ್ಲ.

ಎರಡೇ ಬಾಗಿಲು ಎಂಬ ಲೆಕ್ಕ 2014ರ ಏಪ್ರಿಲ್ 15ರಂದು ಅಲುಗಿತು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಒದಗಿಸುವಂತೆ ಹೇಳಿತು. 2025ರ ಜನವರಿಯಲ್ಲಿ ದೇಶದ ಎಲ್ಲ ನ್ಯಾಯಾಲಯಗಳ ಆವರಣದಲ್ಲಿ ಗಂಡಸರು, ಹೆಂಗಸರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ನಾಲ್ವರಿಗೂ ವ್ಯವಸ್ಥೆ ಇರಬೇಕೆಂದಿತು.

ಹಾಗೆಂದು ಈಗಿರುವ ಬ್ಲಾಕಿನ ಬೋರ್ಡು ಕಿತ್ತು ಎಲ್ಲರಿಗೂ ಒಂದೇ ಎನ್ನುವುದು ಸಲ್ಲ. ಅರ್ಧ ಗೋಡೆಯ ಮೇಲೂ ಕೆಳಗೂ ಸಂದು ಬಿಟ್ಟ ಕೋಣೆಗೆ ಯಾವ ತಾಯಿಯೂ ಮಗಳನ್ನು ಕಳಿಸಳು. ಹೆಂಗಸರ ಭಾಗ ಬೇರೆಯೇ ಇರಲಿ, ದೊಡ್ಡದಿರಲಿ. ಪಕ್ಕದಲ್ಲಿ ಯಾರು ಬೇಕಾದರೂ ಬಳಸುವ ಎರಡು ಒಂಟಿ ಕೋಣೆ ಕಟ್ಟಬಹುದು: ಛಾವಣಿಯವರೆಗೆ ಗೋಡೆ, ಮೇಲೆ ಗವಾಕ್ಷಿ, ಒಳಗೇ ಕೈತೊಳೆಯುವ ಬೇಸಿನ್, ಗಾಲಿಕುರ್ಚಿ ನುಗ್ಗುವಂತೆ 90 ಸೆಂಟಿಮೀಟರ್ ಬಾಗಿಲು. ಆ ಬಾಗಿಲು ಜನ ಓಡಾಡುವ ಕಡೆಗೇ ತೆರೆಯಬೇಕು, ಹಿತ್ತಿಲಿಗಲ್ಲ. ತೊಳೆಯುವಾಗಲೂ ಒಂದೊಂದನ್ನೇ ಮುಚ್ಚಿದರೆ ಸಾಕು, ಇಡೀ ಬ್ಲಾಕಿಗೆ ಬೀಗ ಬೀಳುವುದಿಲ್ಲ.