ಹತ್ತು ಸಾವಿರಕ್ಕೆ ಆಯಿಲ್: ಈ ಲೆಕ್ಕ ಬಂದದ್ದು ಎಲ್ಲಿಂದ?

ಹುಬ್ಬಳ್ಳಿ ಗಬ್ಬೂರು ಕಡೆಯ ಗ್ಯಾರೇಜಿನಲ್ಲಿ ನಮ್ಮ ಮಾವನ ಲಾರಿ ನಿಂತಿತ್ತು. ಆರು ಚಕ್ರದ ಗಾಡಿ, ಏಳು ಲಕ್ಷ ಕಿ.ಮೀ. ದಾಟಿದೆ. ಮೇಸ್ತ್ರಿ ಆಯಿಲ್ ಕಡ್ಡಿ ಎಳೆದು, ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ತಿಕ್ಕಿ ನೋಡಿ, "ಕರ್ರಗಾಗೇತಿ, ಇಳಸೂದ ಛಲೋ" ಅಂದರು. ಹಿಂದಿನ ಸಲ ಬದಲಿಸಿ ಇನ್ನೂ ಒಂಬತ್ತು ಸಾವಿರ ಆಗಿತ್ತು ಅಷ್ಟೇ. ಪಕ್ಕದಲ್ಲೇ ನಿಂತಿದ್ದ ಹೊಸ ಬಿಎಸ್‌6 (ಹೊಗೆ ನಿಯಮದ ಹೊಸ ಹಂತ) ಗಾಡಿಯ ಡ್ರೈವರ್ ನಕ್ಕ. ಅವನ ಕಂಪನಿ ಪುಸ್ತಕದಲ್ಲಿ ಬರೆದಿದ್ದು ಇದರ ಎಷ್ಟೋ ಪಟ್ಟು.

ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಹತ್ತು ಸಾವಿರ ಕಿ.ಮೀ.ಗೊಮ್ಮೆ ಇಂಜಿನ್ ಆಯಿಲ್ ಇಳಿಸಬೇಕು ಎಂಬ ಗ್ಯಾರೇಜ್ ಲೆಕ್ಕ ಹುಟ್ಟಿದ್ದು ಆಯಿಲ್‌ನಿಂದಲ್ಲ, ಡೀಸೆಲ್‌ನಿಂದ.

1990ರ ದಶಕದ ಶುರುವಿನಲ್ಲಿ ನಮ್ಮ ಡೀಸೆಲ್‌ನಲ್ಲಿ ನೂರಕ್ಕೆ ಒಂದು ಪಾಲಿನವರೆಗೂ ಗಂಧಕ ಇರಬಹುದಿತ್ತು. ನೂರು ಲೀಟರ್ ಸುಟ್ಟರೆ 800 ಗ್ರಾಂಗಿಂತ ಜಾಸ್ತಿ! ಗಂಧಕ ಸುಟ್ಟು, ನೀರಿನ ಆವಿ ಜತೆ ಸೇರಿ ಆಸಿಡ್ ಆಗುತ್ತದೆ. ಅದು ಪಿಸ್ಟನ್ ಸುತ್ತಲಿನ ರಿಂಗ್ ದಾಟಿ ಕೆಳಗಿಳಿದು ಬೇರಿಂಗ್, ಲೈನರ್ ತಿನ್ನುತ್ತದೆ. ಅದನ್ನು ತಡೆಯಲಿಕ್ಕೆ ಆಯಿಲ್‌ನಲ್ಲಿ ಕ್ಷಾರ ಬೆರೆಸಿರುತ್ತಾರೆ. ಡಬ್ಬಿ ಮಾಹಿತಿಯಲ್ಲಿ ಟಿಬಿಎನ್ ಅಂತ ಬರೆದಿರುವ ಅಂಕಿ ಅದೇ. ಹೊಟ್ಟೆ ಉರಿಗೆ ಸೋಡಾ ಕುಡಿದಂಗೆ, ಅಲ್ವಾ? ಆಸಿಡ್ ಜಾಸ್ತಿಯಾದರೆ ಸೋಡಾ ಬೇಗ ಖಾಲಿ. 1976ರಲ್ಲಿ ವಿಜಯ ಸಂಕೇಶ್ವರರು ಗದಗದಲ್ಲಿ ಒಂದೇ ಲಾರಿಯಿಂದ ಸಾರಿಗೆ ವ್ಯವಹಾರ ಶುರು ಮಾಡಿದ ಕಾಲಕ್ಕೆ, ಎಂಟು-ಹತ್ತು ಸಾವಿರಕ್ಕೆ ಆಯಿಲ್ ಇಳಿಸುವುದು ಜಿಪುಣತನವೂ ಅಲ್ಲ, ದುಂದೂ ಅಲ್ಲ. ಅಷ್ಟೇ ತಾಳುತ್ತಿತ್ತು.

ಆಮೇಲೆ ಗಂಧಕ ಇಳಿಯುತ್ತಾ ಬಂತು. 2000ದ ಹೊತ್ತಿಗೆ ದೇಶದ ಎಲ್ಲ ಕಡೆ 2500 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), 2010ರಲ್ಲಿ 350. 2017ರ ಏಪ್ರಿಲ್‌ಗೆ ಬಿಎಸ್‌4 ಬಂದಾಗ 50. 2020ರ ಏಪ್ರಿಲ್‌ನಿಂದ ಬಿಎಸ್‌6, ಬರೀ 10. ಅಂದರೆ ಹಳೆ ಒಂದು ಪಾಲಿನ ಸಾವಿರದಲ್ಲೊಂದು. ನೂರು ಲೀಟರ್‌ಗೆ ಈಗ ಒಂದು ಗ್ರಾಂ ಕೂಡ ಇಲ್ಲ. ಮಾವನ ಹಳೆ ಗಾಡಿಯೂ ಕುಡಿಯುವುದು ಇದೇ ಡೀಸೆಲ್.

ಹಾಗಾದರೆ ಹಳೆ ಗಾಡಿಯನ್ನೂ ಹೊಸದರಂತೆ ಒಂದೇ ಆಯಿಲ್‌ನಲ್ಲಿ 40 ಸಾವಿರ ಓಡಿಸಬಹುದಾ? ಇಲ್ಲ. ಆಸಿಡ್ ಕಡಿಮೆಯಾಯಿತು, ಆದರೆ ಮಸಿ ಕಡಿಮೆಯಾಗಲಿಲ್ಲ. ಏಳು ಲಕ್ಷ ಓಡಿದ ಇಂಜಿನ್‌ನಲ್ಲಿ ರಿಂಗ್ ಸವೆದಿರುತ್ತದೆ, ಹೊಗೆ ಕೆಳಗಿನ ಚೇಂಬರ್‌ಗೆ ನುಗ್ಗುತ್ತದೆ. ಆಯಿಲ್ ಕ್ಯಾಪ್ ತೆಗೆದರೆ ಬುಸುಬುಸು ಅನ್ನುತ್ತದಲ್ಲ, ಅದೇ. ಜತೆಗೆ ದೂಳು. ಹೊಸಪೇಟೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅಂಕೋಲಾ ಕಡೆಗೆ ಅದಿರು ಲಾರಿಗಳು ಹಗಲೂ ರಾತ್ರಿ ಹರಿದ ದಿನಗಳನ್ನು ನೆನೆಸಿಕೊಳ್ಳಿ. ಓವರ್‌ಲೋಡ್, ಕೆಂಪು ದೂಳು, ವಾಪಸ್ ಬರುವಾಗ ಅರಬೈಲ್ ಘಾಟಿ ಏರು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸುವವರೆಗೂ ಇದೇ ಪಾಡು. ಏರ್ ಫಿಲ್ಟರ್‌ನ ರಬ್ಬರ್ ಸ್ವಲ್ಪ ಬಿರುಕು ಬಿಟ್ಟರೂ ಸಾಕು, ಆಯಿಲ್ ಉಜ್ಜುಕಾಗದ ಆಗುತ್ತದೆ. ಎಂಥ ದುಬಾರಿ ಆಯಿಲ್ ಹಾಕಿದರೂ ಉಪಯೋಗವಿಲ್ಲ. ಹತ್ತು ಸಾವಿರದ ಲೆಕ್ಕ ನಮ್ಮ ಕಡೆ ಇನ್ನೂ ಗಟ್ಟಿಯಾಗಿ ಉಳಿಯಲು ಆ ರಸ್ತೆಯೂ ಕಾರಣ ಅಂತ ನನ್ನ ಅಂದಾಜು.

ಇನ್ನು ಕರ್ರಗಾಗುವ ವಿಷಯ. 1930ರ ದಶಕದಲ್ಲಿ ಕ್ಯಾಟರ್‌ಪಿಲರ್ ಡೀಸೆಲ್ ಟ್ರ್ಯಾಕ್ಟರ್‌ಗಳಲ್ಲಿ ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತಿದ್ದವು. ಅದರ ಪರಿಹಾರಕ್ಕೆ ಹುಡುಕಿದ್ದು ಡಿಟರ್ಜೆಂಟ್ ಬೆರೆಸಿದ ಆಯಿಲ್. ಅಂದಿನಿಂದ ಆಯಿಲ್‌ನ ಕೆಲಸವೇ ಮಸಿಯನ್ನು ಹೊತ್ತು ತಿರುಗುವುದು. ಡೀಸೆಲ್ ಗಾಡಿಯ ಆಯಿಲ್ ನೂರಿನ್ನೂರು ಕಿ.ಮೀ.ಗೇ ಕಪ್ಪಾದರೂ ಗಾಬರಿ ಬೇಡ. ನೋಡಬೇಕಾದ್ದು, ಹೊರುವ ಶಕ್ತಿ ಇನ್ನೂ ಇದೆಯಾ ಅಂತ. ಬಿಸಿ ಇಂಜಿನ್‌ನಿಂದ ಒಂದು ಹನಿ ಬಿಳಿ ಕಾಗದದ ಮೇಲೆ ಬಿಟ್ಟು ಕೆಲವು ತಾಸು ಬಿಡಿ. ಬೂದಿ ಬಣ್ಣ ಸಮವಾಗಿ ದೂರ ಹರಡಿದರೆ ಇನ್ನೂ ಜೀವ ಇದೆ. ನಡುವೆ ಕಾಡಿಗೆ ಬೊಟ್ಟಿನಂತೆ ಕಪ್ಪು ಕಟ್ಟಿ, ಅಂಚು ಖಡಕ್ಕಾಗಿ ನಿಂತರೆ ಇಳಿಸಿಬಿಡಿ. ಇದು ಲ್ಯಾಬ್ ಪರೀಕ್ಷೆಯಷ್ಟು ಪಕ್ಕಾ ಅಲ್ಲ, ಆದರೆ ಬೆರಳಿನ ತಿಕ್ಕಿಗಿಂತ ಎಷ್ಟೋ ವಾಸಿ.

ಡಬ್ಬಿ ಮೇಲಿನ ಅಕ್ಷರಗಳಿಗೂ ಇದೇ ಕಥೆ. 2002ರ ಸಿಐ-4 ಎಂಬ ಆಯಿಲ್ ದರ್ಜೆ ಬಂದದ್ದು ಹೊಗೆಯನ್ನು ಮತ್ತೆ ಇಂಜಿನ್‌ಗೇ ತಿರುಗಿಸುವ ಇಜಿಆರ್ ಗಾಡಿಗಳಿಗಾಗಿ. 2016ರ ಕೊನೆಗೆ ಬಂದ ಸಿಕೆ-4ರಲ್ಲಿ ಬೂದಿ ಕಡಿಮೆ. ಯಾಕೆಂದರೆ ಬಿಎಸ್‌6 ಗಾಡಿಯ ಡಿಪಿಎಫ್ ಎಂಬ ಹೊಗೆ ಫಿಲ್ಟರ್‌ನಲ್ಲಿ ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಮಾತ್ರ ಅಲ್ಲೇ ಕೂರುತ್ತದೆ. ನಾಲ್ಕು ಕಾಸು ಉಳಿಸಲು ಬಿಎಸ್‌6ಗೆ ಹಳೆ ಸಿಐ-4 ಸುರಿದರೆ ಫಿಲ್ಟರ್ ಕಟ್ಟುತ್ತದೆ, ಖರ್ಚು ದೊಡ್ಡದು. ತಿರುಗುಮುರುಗು ಮಾಡಿದರೆ ತೊಂದರೆ ಇಲ್ಲ: ಹಳೆ ಗಾಡಿಗೆ ಸಿಕೆ-4 ಹಾಕಬಹುದು. "ಹೊಸಾದು ನೀರ್‌ನಂಗ ಐತ್ರಿ" ಅನ್ನುವವರು ಎಫ್ಎ-4 ಎಂಬ ಇನ್ನೊಂದರ ಜತೆ ಇದನ್ನು ಗೊಂದಲ ಮಾಡಿಕೊಂಡಿದ್ದಾರೆ. ಅದು ನಿಜಕ್ಕೂ ತೆಳು, ಹಳೆ ಗಾಡಿಗಲ್ಲ.

ಆಯಿಲ್‌ನ ದಪ್ಪ ಹೇಳುವ ಅಂಕಿ 15ಡಬ್ಲ್ಯೂ-40ಯೋ, 20ಡಬ್ಲ್ಯೂ-40ಯೋ ಎಂಬ ಜಗಳ ನಮ್ಮಲ್ಲಿ ಸುಮ್ನೆ. ಮೊದಲ ಅಂಕಿ ಶೂನ್ಯಕ್ಕಿಂತ ಕೆಳಗಿನ ಚಳಿಗೆ. ಧಾರವಾಡದ ಡಿಸೆಂಬರ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇನ್ನೂ ದಪ್ಪನೆಯ 20ಡಬ್ಲ್ಯೂ-50 ಹಾಕಿದರೆ ಸವೆದ ಇಂಜಿನ್ ಆಯಿಲ್ ಸುಡುವುದು ಸ್ವಲ್ಪ ಕಡಿಮೆಯಾಗಬಹುದು, ರಿಂಗ್ ಮಾತ್ರ ವಾಪಸ್ ಬೆಳೆಯುವುದಿಲ್ಲ.

ನಾನೂ ಒಮ್ಮೆ ಎಡವಿದ್ದೇನೆ. ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಸೀಲ್ ಸಡಿಲವಾಗಿದ್ದ ಡಬ್ಬಿ ತಂದೆ. ಮೂರು ಸಾವಿರಕ್ಕೇ ಬಿಸಿ ಇಂಜಿನ್‌ನಲ್ಲಿ ಪ್ರೆಷರ್ ಲೈಟ್ ಮಿಣುಕತೊಡಗಿತು. ಅದರಲ್ಲಿ ಯಾರೂ ನಕಲಿ ಆಯಿಲ್ ತುಂಬಿ ಮಾರದಿರಲಿ ಅಂತ ಈಗ ಖಾಲಿ ಡಬ್ಬಿಗೆ ತೂತು ಹೊಡೆದೇ ಗುಜರಿಗೆ ಕೊಡುತ್ತೇನೆ.

ಮಾವ ಅವತ್ತು ಆಯಿಲ್ ಇಳಿಸಲಿಲ್ಲ. ಕಾಗದದ ಮೇಲೆ ಹನಿ ಚೆನ್ನಾಗಿ ಹರಡಿತ್ತು. ಪುಣೆ ಹೈವೇಯಲ್ಲೇ ಓಡಿದರೆ 18 ಸಾವಿರ, ಅಂಕೋಲಾ ಟ್ರಿಪ್ ಜಾಸ್ತಿಯಾದರೆ 12 ಅಂತ ಇಬ್ಬರೂ ಮಾತಾಡಿಕೊಂಡೆವು. ಸಾವಿರ ಕಿ.ಮೀ.ಗೆ ಎಷ್ಟು ಟಾಪ್‌ಅಪ್ ಹಿಡಿಯಿತು ಅಂತ ಕ್ಲೀನರ್ ಹುಡುಗ ಕ್ಯಾಬಿನ್ ಬಾಗಿಲ ಒಳಗೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಹೋದ ವಾರದ ಅಂಕಿ ಅರ್ಧ ಲೀಟರ್.